ವಿಂಡೋ ಒಳಗೊಂದು ಕಣ್ಣು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ತಾನೇ?

ಇಂಗ್ಲಿಷಿನ ಅಲಂಕಾರಗಳ ಬಗ್ಗೆ ಮಾತಾಡಿ ಎಂದಿದ್ದಾರೆ. ಸಿಮಿಲಿ ಅಂದರೆ ಉಪಮೆ, ಮೆಟಫರ್ ಅಂದರೆ ರೂಪಕ ಎಂದು ಪಟ್ಟಿ ಓದಿದರೆ ನಿಮಗೂ ನಿದ್ದೆ, ನನಗೂ ನಿದ್ದೆ. ಶಾಲೆಯಲ್ಲಿ ಮಾಡಿದ್ದು ಅದೇ ಅಲ್ವಾ? ಕನ್ನಡ ಪೇಪರಿನಲ್ಲಿ 'ಅಲಂಕಾರ ಹೆಸರಿಸಿ ಲಕ್ಷಣ ಸಮನ್ವಯ ಮಾಡಿ'. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ, ನಾಲ್ಕೂ ಬರೆದರೆ ಪೂರ್ತಿ ಅಂಕ. ಇಂಗ್ಲಿಷ್ ಪೇಪರಿನಲ್ಲಿ ಇನ್ನೂ ಸುಲಭ. 'ಲೈಕ್', 'ಆ್ಯಸ್' ಕಂಡರೆ ಸಿಮಿಲಿ, ಕಾಣದಿದ್ದರೆ ಮೆಟಫರ್. ನಾನೂ ಹಾಗೇ ಪಾಸಾದವನು. ಅಲಂಕಾರ ಎಂದರೆ ಒಡವೆ, ಕವಿಗಳು ಮದುವೆಗೆ ಹಾಕಿಕೊಂಡು ಬರುವಂಥದ್ದು, ನಾವು ಸಂತೆಗೆ ಹೋಗುವಾಗ ಬಿಚ್ಚಿಟ್ಟು ಹೋಗುವಂಥದ್ದು ಎಂದೇ ಬಹಳ ವರ್ಷ ನಂಬಿದ್ದೆ.

ಆ ನಂಬಿಕೆ ಮುರಿದದ್ದು 'ವಿಂಡೋ' ಪದದಿಂದ. ಸಾವಿರ ವರ್ಷಕ್ಕೂ ಹಿಂದೆ ಇಂಗ್ಲೆಂಡಿಗೆ ನುಗ್ಗಿ ಅಲ್ಲೇ ಮನೆ ಕಟ್ಟಿಕೊಂಡ ವೈಕಿಂಗರ, ಅಂದರೆ ಸ್ಕ್ಯಾಂಡಿನೇವಿಯಾದ ಕಡಲ ದಾಳಿಕೋರರ, ನುಡಿಯಿಂದ ಬಂದ ಪದ ಇದು. ಅವರ ಬಾಯಲ್ಲಿ ಅದು 'ವಿಂಡೌಗ'. ಗಾಳಿ, ಕಣ್ಣು. ಗಾಳಿಗಣ್ಣು! 'ಡೇಸಿ' ಹೂವಿನ ಹೆಸರೂ ಹಳೆಯ ಇಂಗ್ಲಿಷಿನಲ್ಲಿ 'ಹಗಲಿನ ಕಣ್ಣು'. ಬೆಳಿಗ್ಗೆ ಅರಳಿ ಸಂಜೆ ಮುಚ್ಚಿಕೊಳ್ಳುತ್ತದಲ್ಲ, ಅದಕ್ಕೆ. ಸುಮ್ನೆ ನಗಬೇಡಿ, ನಮ್ಮ 'ಗವಾಕ್ಷಿ' ಬಿಡಿಸಿ ನೋಡಿ: ಹಸುವಿನ ಕಣ್ಣು. ಎಲ್ಲೋ ಉತ್ತರದ ಚಳಿಯಲ್ಲಿದ್ದವರಿಗೂ ನಮ್ಮವರಿಗೂ ಗೋಡೆಯ ತೂತು ಕಂಡಾಗ ಕಣ್ಣೇ ನೆನಪಾಗಿದೆ.

ಹಳೆಯ ಇಂಗ್ಲಿಷ್ ಕವಿಗಳಿಗೆ ಹೀಗೆ ಎರಡು ಪದ ಬೆಸೆಯುವ ಹುಚ್ಚು ಜಾಸ್ತಿ. ಅದಕ್ಕೆ 'ಕೆನ್ನಿಂಗ್' ಎನ್ನುತ್ತಾರೆ. 'ಬೇವುಲ್ಫ್' ಎಂಬ 3182 ಸಾಲಿನ ಕಾವ್ಯವಿದೆ. ಸುಮಾರು ಕ್ರಿ.ಶ. 1000ದ ಆಸುಪಾಸಿನ ಒಂದೇ ಒಂದು ಹಸ್ತಪ್ರತಿ ಉಳಿದಿದೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಹತ್ತನೇ ಸಾಲಿಗೇ ಸಮುದ್ರ ಬರುತ್ತದೆ, ಆದರೆ ಸಮುದ್ರ ಎನ್ನುವುದಿಲ್ಲ, 'ತಿಮಿಂಗಿಲದ ದಾರಿ' ಎನ್ನುತ್ತಾನೆ ಕವಿ. ಮೈಗೆ 'ಮೂಳೆಮನೆ'. ಇಲ್ಲಿ ಹೋಲಿಕೆ ಹೇಳಿ ಮುಗಿಸಿಲ್ಲ ನೋಡಿ. ಒಗಟು ಕೊಟ್ಟು, ನೀನೇ ಬಿಡಿಸು ಎಂದು ಕೇಳುವವನ ಕೈಗೆ ಇಟ್ಟಿದ್ದಾನೆ. ಲಕ್ಷಣ ಸಮನ್ವಯ ಮಾಡುತ್ತಾ ಕೂತರೆ ಈ ಮಜಾ ಸಿಗುವುದಿಲ್ಲ.

ಇಂಗ್ಲಿಷರು ಕಡಲ ಜನ. ಆಡುಮಾತಿಗೂ ಹಡಗು ಹತ್ತಿದೆ. ಬೆಚ್ಚಿಬಿದ್ದೆ ಎನ್ನಲು 'ಟೇಕನ್ ಅಬ್ಯಾಕ್' ಎನ್ನುತ್ತಾರೆ. ಗಾಳಿ ಇದ್ದಕ್ಕಿದ್ದಂತೆ ಎದುರಿನಿಂದ ಹೊಡೆದು ಹಾಯಿ ಹಿಂದಕ್ಕೆ ಕಂಬಕ್ಕೆ ಒತ್ತಿಕೊಂಡು ಹಡಗು ನಿಂತೇಬಿಡುತ್ತದಲ್ಲ, ಅದು ಆ ಮಾತಿನ ಚಿತ್ರ. ಚೆನ್ನಾಗಿ ಕುಡಿದವನು 'ತ್ರೀ ಶೀಟ್ಸ್ ಟು ದ ವಿಂಡ್'. ಶೀಟ್ ಎಂದರೆ ಇಲ್ಲಿ ಹಾಸಿಗೆ ಬಟ್ಟೆಯಲ್ಲ, ಹಾಯಿಯ ತುದಿ ಹಿಡಿದಿಡುವ ಹಗ್ಗ. ಮೂರು ಹಗ್ಗ ಬಿಟ್ಟುಹೋದರೆ ಹಡಗು ಹೇಗೆ ತೂರಾಡುತ್ತದೋ, ಹಾಗೆ. ಈಗ ಇದನ್ನು ಹೇಳುವ ಎಷ್ಟೋ ಜನ ಹಾಯಿಹಡಗು ಹತ್ತಿದವರಲ್ಲ. ಮೆಟಫರ್ ಸತ್ತಿದೆ ಎನ್ನುತ್ತಾರೆ ಪಂಡಿತರು. ನನಗೆ ನಿದ್ದೆ ಮಾಡುತ್ತಿದೆ ಅನಿಸುತ್ತದೆ, ಸ್ವಲ್ಪ ಅಲ್ಲಾಡಿಸಿದರೆ ಎದ್ದು ಕೂರುತ್ತದೆ.

ಮೆಟಾನಮಿ, ಅಂದರೆ ಒಂದನ್ನು ಅದಕ್ಕೆ ನಂಟಿರುವ ಇನ್ನೊಂದರ ಹೆಸರಿನಿಂದ ಕರೆಯುವುದು, ಸರಳ. ಡೌನಿಂಗ್ ಸ್ಟ್ರೀಟ್ ಎಂದರೆ ಬ್ರಿಟನ್ ಪ್ರಧಾನಿಯ ಕಚೇರಿ, ನಮಗೆ ವಿಧಾನಸೌಧ ಎಂದರೆ ಸರ್ಕಾರ ಇದ್ದಂತೆ. ಮುಂದೆ ಹೋಗೋಣ.

ನನಗೆ ತುಂಬಾ ಇಷ್ಟವಾದದ್ದು ಲೈಟೋಟೀಸ್. ವಿರುದ್ಧವಾದದ್ದನ್ನು 'ಅಲ್ಲ' ಎನ್ನುತ್ತಲೇ 'ಹೌದು' ಎನ್ನುವ ವರಸೆ. ಇಂಗ್ಲಿಷಿನವನು 'ನಾಟ್ ಬ್ಯಾಡ್' ಎಂದರೆ ಕೆಟ್ಟದ್ದಲ್ಲ ಎಂದಷ್ಟೇ ಅಲ್ಲ, ಎಷ್ಟೋ ಸಲ ಬಹಳ ಚೆನ್ನಾಗಿದೆ ಎಂದರ್ಥ. ನಮ್ಮ 'ಪರವಾಗಿಲ್ಲ' ನೆನಪಾಯಿತಾ? ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅತ್ತೆ ಸಾರು ರುಚಿ ನೋಡಿ 'ಪರವಾಗಿಲ್ಲ' ಎಂದಾಗ ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲು ಡಿಕ್ಷನರಿ ಸಾಲದು, ಮುಖವನ್ನೇ ನೋಡಬೇಕು.

ಅಲ್ಲಿ ಮೂರನೇ ಸಾಲಿನಲ್ಲಿ ಯಾರೋ ಕೈ ಎತ್ತಿದ್ದೀರಿ. ಕೇಳಿ.