ಮಂಗೋಚಿಯಲ್ಲಿ ಕಾರ್ಡು ಎಣಿಸುವ ಕೆಲಸ

ಎಲ್ಲರಿಗೂ ನಮಸ್ಕಾರ. ನನ್ನನ್ನು ಪರಿಚಯಿಸಿದ ಮೇಷ್ಟ್ರು 'ಆಫ್ರಿಕಾದಲ್ಲಿ ಜನಸೇವೆ ಮಾಡಿ ಬಂದವರು' ಅಂದರು. ಅಷ್ಟು ದೊಡ್ಡ ಮಾತು ಬೇಡ. ನಾನು ಹೋಗಿದ್ದು ಸಂಬಳದ ಕೆಲಸಕ್ಕೆ. ಅದೂ ಇಡೀ ಆಫ್ರಿಕಾಕ್ಕಲ್ಲ, ಮಲಾವಿ ಎಂಬ ಸಣ್ಣ ದೇಶದ ಮಂಗೋಚಿ ಎಂಬ ಜಿಲ್ಲೆಗೆ. ಅಲ್ಲಿ ನನ್ನ ಕೈಯಲ್ಲಿ ಸ್ಟೆತಸ್ಕೋಪಿಗಿಂತ ಸ್ಟಾಕ್ ರಿಜಿಸ್ಟರ್ ಇದ್ದದ್ದೇ ಹೆಚ್ಚು.

ಮಂಗೋಚಿ ಇರುವುದು ಮಲಾವಿ ಸರೋವರದ ದಕ್ಷಿಣ ತುದಿಯಲ್ಲಿ. ಅಲ್ಲಿನ ಗಂಡಸರು ಮೀನು ಹಿಡಿಯುತ್ತಾರೆ, ಇಲ್ಲವೇ ದುಡಿಮೆಗೆಂದು ದಕ್ಷಿಣ ಆಫ್ರಿಕಾದ ಬಸ್ಸು ಹತ್ತುತ್ತಾರೆ. ಜೊಹಾನ್ಸ್‌ಬರ್ಗ್ ಅವರ ಬಾಯಲ್ಲಿ 'ಜೋನಿ'.

ದಿನ ಶುರುವಾಗುವುದು ಫೋನಿನಿಂದ. ಯಾವ ಆರೋಗ್ಯ ಕೇಂದ್ರದಲ್ಲಿ ಕರೆಂಟ್ ಇಲ್ಲ, ಲಸಿಕೆಯ ಫ್ರಿಜ್ ತಣ್ಣಗಿದೆಯೋ ಇಲ್ಲವೋ, ಜೀಪಿಗೆ ಡೀಸೆಲ್ ಸಿಕ್ಕಿತೋ. ಡೀಸೆಲ್ ಇಲ್ಲದ ವಾರಗಳೂ ಇದ್ದವು. ಆಗ ಯೋಜನೆ, ಗುರಿ ಎಲ್ಲ ಪೆಟ್ರೋಲ್ ಬಂಕಿನ ಸಾಲಿನಲ್ಲೇ ನಿಂತಿರುತ್ತಿದ್ದವು. ಕೇಂದ್ರ ತಲುಪುವಷ್ಟರಲ್ಲಿ ಮಕ್ಕಳನ್ನು ಬೆನ್ನಿಗೆ ಚಿತೆಂಜೆ ಬಟ್ಟೆಯಲ್ಲಿ ಕಟ್ಟಿಕೊಂಡ ತಾಯಂದಿರು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಒಬ್ಬೊಬ್ಬರ ಕೈಯಲ್ಲೂ 'ಹೆಲ್ತ್ ಪಾಸ್‌ಪೋರ್ಟ್' ಎಂಬ ಪುಸ್ತಕ. ರೋಗಿಯ ಚರಿತ್ರೆ ಆಸ್ಪತ್ರೆಯಲ್ಲಿರುವುದಿಲ್ಲ, ರೋಗಿಯ ಹತ್ತಿರವೇ ಇರುತ್ತದೆ. ಮೊದಲು ಹಾಡು, ಆಮೇಲೆ ಆರೋಗ್ಯದ ಮಾತು, ಆಮೇಲೆ ತೂಕ, ಲಸಿಕೆ. ನೇರವಾಗಿ ಕೆಲಸದ ಮಾತಿಗಿಳಿಯುವುದು ಅಲ್ಲಿ ಒರಟುತನ. 'ಮುಲಿ ಬ್ವಾಂಜಿ' ಎಂದು ಕ್ಷೇಮ ವಿಚಾರಿಸಬೇಕು, ಮನೆಯವರನ್ನು ಕೇಳಬೇಕು, ಮಳೆ ಹೇಗಿದೆ, ಮೆಕ್ಕೆಜೋಳ ಹೇಗಿದೆ ಅನ್ನಬೇಕು. ಜನವರಿಯಿಂದ ಮಾರ್ಚ್‌ವರೆಗೆ ಜೋಳದ ಮಾತು ಬರೀ ಉಪಚಾರವಲ್ಲ. ಹಳೆಯ ದಾಸ್ತಾನು ಮುಗಿದು ಹೊಸ ಬೆಳೆ ಬಾರದ ಹಸಿವಿನ ತಿಂಗಳುಗಳವು.

ನನ್ನ ಅಸಲು ಕೆಲಸ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಎಚ್‌ಐವಿ ಚಿಕಿತ್ಸೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ರಟ್ಟಿನ ಕಾರ್ಡಿದೆ. ಕಾರ್ಡುಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಮೇಜಿನ ಮೇಲೆ ಕಟ್ಟು ಕಟ್ಟಾಗಿ ಬೇರ್ಪಡಿಸುತ್ತೇವೆ: ಮಾತ್ರೆ ತೆಗೆದುಕೊಳ್ಳುತ್ತಿರುವವರು, ತೀರಿಕೊಂಡವರು, ಬೇರೆ ಕೇಂದ್ರಕ್ಕೆ ಹೋದವರು, ಬಿಟ್ಟವರು. ಮಾತ್ರೆ ಮುಗಿದು ಎರಡು ತಿಂಗಳಾದರೂ ಬಾರದವರ ಕಾರ್ಡು ಕೊನೆಯ ಕಟ್ಟಿಗೆ ಸೇರುತ್ತದೆ. ಆ ಕಟ್ಟು ಹಿಡಿದು ಆರೋಗ್ಯ ನಿಗಾ ಸಹಾಯಕರು ಸೈಕಲ್ ಹತ್ತಿ ಹಳ್ಳಿಗೆ ಹೋಗುತ್ತಾರೆ. ಇವರು ಸಂಬಳ ಪಡೆಯುವ ಸರ್ಕಾರಿ ನೌಕರರು, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಗೌರವಧನದಲ್ಲಿ ದುಡಿಯುವವರಲ್ಲ. ಈ ವಿಷಯದಲ್ಲಿ ಮಲಾವಿ ನಮಗಿಂತ ಮುಂದಿದೆ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಒಮ್ಮೆ ಒಬ್ಬ ಮೀನುಗಾರನ ಕಾರ್ಡಿನ ಮೇಲೆ ಜಗಳವೇ ಆಯಿತು. ಆತ ಜೋನಿಗೆ ಹೋಗಿದ್ದ. ಅವನ ಪುಸ್ತಕ ಹಿಡಿದು ತಾಯಿ ಬರುತ್ತಿದ್ದಳು. ಮಾತ್ರೆ ಡಬ್ಬಿಗಳನ್ನು ಜೋಳದ ಹಿಟ್ಟಿನ ಚೀಲದೊಳಗಿಟ್ಟು ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದಳು. "ಅಮಾಯಿ, ಅವನೇ ಬರಬೇಕು. ತೂಕ ನೋಡದೆ ನಾನು ಏನು ಬರೆಯಲಿ?" ಎಂದಳು ನರ್ಸ್. ಆ ತಾಯಿ, "ಬಂದರೆ ಕೆಲಸ ಹೋಗುತ್ತದೆ, ಬರದಿದ್ದರೆ ನೀವು ಮಾತ್ರೆ ಕೊಡುವುದಿಲ್ಲ. ಯಾವುದು ಮೊದಲು ಹೇಳಮ್ಮ" ಎಂದಳು. ನರ್ಸ್ ಮಾತ್ರೆ ಕೊಟ್ಟಳು, ಕಾರ್ಡನ್ನು ಮೊದಲ ಕಟ್ಟಿಗೆ ಹಾಕಿದಳು. ರಾಜಧಾನಿ ಲಿಲೊಂಗ್ವೆಯಲ್ಲಿ ಕೂತವರಿಗೆ ಅದು ಒಂದು ಅಂಕಿ.

ಇಂಥ ನರ್ಸ್‌ಗಳ ದೇಶ 2011ರಲ್ಲಿ ಜಗತ್ತಿಗೇ ಪಾಠ ಹೇಳಿತು. ಎಚ್‌ಐವಿ ಇರುವ ಗರ್ಭಿಣಿಯರಲ್ಲಿ ಯಾರಿಗೆ ಪೂರ್ತಿ ಚಿಕಿತ್ಸೆ ಎಂಬುದನ್ನು ಆಗ ಸಿಡಿ4 ಎಂಬ ರಕ್ತಪರೀಕ್ಷೆಯಿಂದ ತೀರ್ಮಾನಿಸಬೇಕಿತ್ತು. ಹಳ್ಳಿ ಕೇಂದ್ರಗಳಲ್ಲಿ ಆ ಯಂತ್ರ ಎಲ್ಲಿಂದ ಬರಬೇಕು? ಪರೀಕ್ಷೆಗೆ ಕಾಯುವುದೇ ಬೇಡ, ಎಚ್‌ಐವಿ ಇರುವ ಎಲ್ಲ ಗರ್ಭಿಣಿಯರಿಗೂ ಜೀವನಪೂರ್ತಿ ಮಾತ್ರೆ ಕೊಡೋಣ ಎಂದು ಮಲಾವಿ ನಿರ್ಧರಿಸಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಆ ಕಡೆ ತಿರುಗಿತು. 2015ರಲ್ಲಿ, ಎಚ್‌ಐವಿ ಇರುವ ಎಲ್ಲರಿಗೂ ಚಿಕಿತ್ಸೆ ಕೊಡಿ ಎಂದಿತು. ಭಾರತ ಅದನ್ನು ಒಪ್ಪಿದ್ದು 2017ರಲ್ಲಿ. ಬಡದೇಶಗಳಿಗೆ ನಾವು ಕಲಿಸಲು ಹೋಗುತ್ತೇವೆ ಎಂದುಕೊಂಡವರು ಈ ಇಸವಿಗಳನ್ನು ಒಮ್ಮೆ ನೋಡಬೇಕು.

ನಮ್ಮ ಪಾಲೂ ಇಲ್ಲದಿಲ್ಲ. ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇವೆ ಎಂದು 2001ರಲ್ಲಿ ಹೇಳಿದ್ದು ಮುಂಬೈಯ ಔಷಧ ಕಂಪನಿ ಸಿಪ್ಲಾ. ಮಂಗೋಚಿಯ ಔಷಧಿ ಕೋಣೆಯಲ್ಲಿ ಡಬ್ಬಿ ತಿರುಗಿಸಿ ನೋಡಿದರೆ ಹೆಚ್ಚಿನವುಗಳ ಮೇಲೆ ನಮ್ಮ ದೇಶದ ಕಾರ್ಖಾನೆಗಳ ವಿಳಾಸವೇ. 2000ದ ಹೊತ್ತಿಗೆ ಮಲಾವಿಯಲ್ಲಿ ಸರಾಸರಿ ಆಯುಷ್ಯ 45ರ ಆಸುಪಾಸಿನಲ್ಲಿತ್ತು, ಇವತ್ತು 60 ದಾಟಿದೆ.

ಕಾಲರಾ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2022ರ ಮಾರ್ಚ್‌ನಲ್ಲಿ ಶುರುವಾಗಿ ಮರುವರ್ಷದವರೆಗೂ ಎಳೆದ ಆ ಪಿಡುಗು 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನಡುವೆ 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬೇರೆ. ಕ್ಲೋರಿನ್, ಓಆರ್‌ಎಸ್, ಬಕೆಟ್ಟು, ಉಳಿಸಿದ್ದು ಇಷ್ಟೇ. ಕಷ್ಟವಾಗಿದ್ದು ಶವಸಂಸ್ಕಾರ. ಮೈ ತೊಳೆಯಬೇಡಿ ಎಂದು ಮನೆಯವರಿಗೆ ನಾವು ಹೇಳಿದರೆ ಆಗದು, ಊರಿನ ಹಿರಿಯ ಹೇಳಬೇಕು, ಮೌಲ್ವಿಯೋ ಪಾದ್ರಿಯೋ ಜೊತೆಗೆ ನಿಲ್ಲಬೇಕು.

ಊಟದ ಬಗ್ಗೆ ಎಲ್ಲರೂ ಕೇಳುತ್ತೀರಿ. ನ್ಸಿಮಾ, ಮೆಕ್ಕೆಜೋಳದ ಹಿಟ್ಟಿನದು. ಮುದ್ದೆ ತಿಂದು ಬೆಳೆದವನಿಗೆ ಅದನ್ನು ಮುರಿಯುವುದು ಯಾರೂ ಕಲಿಸಬೇಕಿರಲಿಲ್ಲ. ಚಂಬೊ ಮೀನಿನ ಜೊತೆ ಚೆನ್ನಾಗಿರುತ್ತದೆ.

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿಯಿತು. ಆ ಹಣದಲ್ಲಿ ಸಂಬಳ ಪಡೆಯುತ್ತಿದ್ದ ಆಪ್ತಸಲಹೆಗಾರರು, ಪರೀಕ್ಷೆ ಮಾಡುವವರು, ಕಾರ್ಡು ತುಂಬುವ ಗುಮಾಸ್ತರು, ಅನೇಕರು ಮನೆಗೆ ಹೋದರು. ಮಾತ್ರೆ ಇದೆ, ಯಾರು ಬರಲಿಲ್ಲ ಎಂದು ನೋಡುವವರಿಲ್ಲ. ನನ್ನ ಜೊತೆ ಕೆಲಸ ಮಾಡಿದ ನರ್ಸ್ ಫೋನಿನಲ್ಲಿ, ಈಗ ಹೊರರೋಗಿಗಳನ್ನು ನೋಡಿ ಮುಗಿಸಿ ಮಧ್ಯಾಹ್ನದ ಮೇಲೆ ತಾನೇ ಕಾರ್ಡು ಎಣಿಸುತ್ತೇನೆ ಎಂದರು. ನಮ್ಮಂಥ ಹೊರಗಿನವರು ಇಲ್ಲದಿದ್ದರೆ ಅಲ್ಲಿ ದೊಡ್ಡ ನಷ್ಟವಿಲ್ಲ, ಆ ಗುಮಾಸ್ತರಿಲ್ಲದಿದ್ದರೆ ಇದೆ.

ಇನ್ನು ನೀವು ಕೇಳಿ. ಸಂಬಳ ಎಷ್ಟು, ವೀಸಾ ಹೇಗೆ ಎಂದು ಕೇಳಬೇಕೆಂದಿರುವವರೂ ಸಂಕೋಚಪಡಬೇಡಿ.