ಸೀಮಂತಕ್ಕೂ ಮೊದಲು

ಎಲ್ಲರಿಗೂ ನಮಸ್ಕಾರ. ತಾಯಿಯ ಊಟ, ಆರೋಗ್ಯ ಹುಟ್ಟುವ ಮಗುವಿನ ಮುಂದಿನ ಬದುಕನ್ನು ಹೇಗೆ ಮುಟ್ಟುತ್ತದೆ ಅಂತ ಇವತ್ತು ಹೇಳುತ್ತೇನೆ.

ಮೈಸೂರಿನವರಿಗೆ ಮಿಷನ್ ಆಸ್ಪತ್ರೆ ಗೊತ್ತೇ ಇದೆ. ಅದನ್ನೇ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ಅಲ್ವಾ? 1934ರಿಂದಲೇ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಮುಂದೆ ಬ್ರಿಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯರು, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಎಂದು ತೋರಿಸಿದರು. ಆಗ ಆ ಹಳೇ ದಾಖಲೆಗಳಿಗೆ ಬೆಲೆ ಬಂತು. ಅಲ್ಲಿ ಹುಟ್ಟಿ, ನಡುವಯಸ್ಸಿಗೆ ಬಂದವರನ್ನು ಹುಡುಕಿ ಪರೀಕ್ಷೆ ಮಾಡಿದರು. ಫಲಿತಾಂಶ ಬಂದದ್ದು 1996ರಲ್ಲಿ. ಎರಡೂವರೆ ಕೆಜಿಯೊಳಗೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ತೊಂದರೆ. ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ.

ಹೊಟ್ಟೆಯೊಳಗೆ ಊಟ ಸಾಲದಿದ್ದರೆ ಮಗುವಿನ ಮೈ ಮೊದಲು ಮೆದುಳನ್ನು ಕಾಪಾಡುತ್ತದೆ. ಉಳಿದ ಅಂಗಗಳಿಗೆ ಮಿಕ್ಕಿದ್ದಷ್ಟೇ. ಮೂತ್ರಪಿಂಡದ ಸೋಸುವ ಘಟಕಗಳನ್ನೇ ತಗೊಳ್ಳಿ. ಹುಟ್ಟುವ ಹೊತ್ತಿಗೆ ಎಷ್ಟಿರುತ್ತವೋ ಅಷ್ಟೇ. ಆಮೇಲೆ ಒಂದೂ ಹೊಸದು ಬರುವುದಿಲ್ಲ.

ಹಾಗಂತ ತೂಕವೊಂದೇ ಲೆಕ್ಕ ಅಲ್ಲ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸಿರಿಯಾಗಿದ್ದವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಸಣ್ಣ ವಯಸ್ಸಿಗೇ ಮೈಯಲ್ಲಿ ಕೊಬ್ಬು ಜಾಸ್ತಿ ಇತ್ತು. ಆ ಹುಡುಗಿಯರೇ ನಾಳೆ ತಾಯಂದಿರು. ನನಗೆ ಹೆಚ್ಚು ಚಿಂತೆ ಹತ್ತಿಸುವುದು ಇದೇ.

ನಾವು ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಮಡಿಲು ತುಂಬುತ್ತೇವೆ. ಆದರೆ ಮೆದುಳು, ಬೆನ್ನುಹುರಿ ಆಗಬೇಕಾದ ಕೊಳವೆ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಬಸಿರು ಅಂತ ಖಚಿತವಾಗುವ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ಆ ಕೊಳವೆ ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಸಿಡ್ ಎಂಬ ವಿಟಮಿನ್ ಬೇಕಾಗಿರುವುದು ಅದಕ್ಕೂ ಮೊದಲೇ. ತಾಯಿ ಕಾರ್ಡ್ ಕೈಗೆ ಬರಲಿ ಅಂತ ಕಾದರೆ ತಡವಾಯಿತು.

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಐದು ತಿಂಗಳ ಬಸುರಿ ಹುಡುಗಿಯೊಬ್ಬಳಿಗೆ ರಕ್ತ ತೀರಾ ಕಡಿಮೆ ಇತ್ತು. ಮಾತ್ರೆ ತಗೊಳ್ತಿದ್ದೀಯಾ ಅಂದೆ. ಚೀಲದಿಂದ ಒಂದೂ ಒಡೆಯದ ಮೂರು ಪಟ್ಟಿ ತೆಗೆದಳು. "ನುಂಗಿದ ಮಾರನೇ ದಿನ ಕಪ್ಪಗೆ ಹೋಯ್ತು ಸಿಸ್ಟರ್, ಹೆದರಿಕೆ ಆಯ್ತು. ಅದನ್ನ ಬಿಟ್ಟೆ, ಈ ಪಟ್ಟಿಗಳನ್ನ ಮುಟ್ಟಲೇ ಇಲ್ಲ." ಮಗು ದಪ್ಪ ಆದರೆ ಹೆರಿಗೆ ಕಷ್ಟ ಅಂತ ಅತ್ತೆಯೂ ಊಟ ಕಡಿಮೆ ಮಾಡಿಸಿದ್ದರು. ಕೆಟ್ಟತನದಿಂದಲ್ಲ, ಪ್ರೀತಿಯಿಂದಲೇ.

ಕಬ್ಬಿಣದ ಮಾತ್ರೆಗೆ ಮಲ ಕಪ್ಪಗಾಗುವುದು ಸಹಜ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ಕಾಫಿ ಜೊತೆ ಬೇಡ, ನಿಂಬೆ ಪಾನಕದ ಜೊತೆ ತಗೋ ಅಂದೆ. ಮುಂದಿನ ತಿಂಗಳು ಅತ್ತೆಯೂ ಜೊತೆಗೆ ಬಂದರು. ಖಾಲಿ ಪಟ್ಟಿಗಳನ್ನು ಮೇಜಿನ ಮೇಲಿಟ್ಟು, "ಚಿಕ್ಕ ಮಗನಿಗೆ ಹೆಣ್ಣು ಗೊತ್ತಾಗಿದೆ ಸಿಸ್ಟರ್. ಆ ಹುಡುಗೀನೂ ಒಂದ್ಸಲ ಕರ್ಕೊಂಡು ಬರ್ಲಾ?" ಅಂದರು.