ಕರಿಕಲ್ಲು ಆರಿದ ಊರು

ಎಲ್ಲರಿಗೂ ನಮಸ್ಕಾರ.

ನಾವು ಕೂತಿರುವ ಈ ವಿಜಯಪುರದ ನೆಲದಡಿ ಇರುವುದು ಕರಿಕಲ್ಲು. ಗೋಳಗುಮ್ಮಟ ಎದ್ದು ನಿಂತಿರುವುದೂ ಅದೇ ಜಾತಿಯ ಕಲ್ಲಿನಲ್ಲಿ. ಭೂವಿಜ್ಞಾನದಲ್ಲಿ ಅದಕ್ಕೆ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್ ಅಂತ ಹೆಸರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದು ಆರಿದ ಕಲ್ಲು ಅದು. ಆರಿದ್ದು ಮಾತ್ರ ಭೂಮಧ್ಯರೇಖೆಯ ಆಚೆ, ದಕ್ಷಿಣಾರ್ಧಗೋಳದಲ್ಲಿ. ಅದು ಹೇಗೆ ಗೊತ್ತಾಯಿತು ಎನ್ನುವುದೇ ನನ್ನ ಇವತ್ತಿನ ಮಾತು.

ಕಾಂತದ ಸೂಜಿಯೊಂದನ್ನು ನಡುವಿಗೆ ದಾರ ಕಟ್ಟಿ ತೂಗುಬಿಡಿ. ಅದು ಉತ್ತರಕ್ಕೆ ತಿರುಗುವುದಷ್ಟೇ ಅಲ್ಲ, ನೆಲದ ಕಡೆಗೆ ಬಾಗುತ್ತದೆ ಕೂಡ. ಉತ್ತರದ ಕಾಂತಧ್ರುವದಲ್ಲಿ ನೆಟ್ಟಗೆ ಕೆಳಕ್ಕೆ, ಕಾಂತದ ಮಧ್ಯರೇಖೆಯಲ್ಲಿ ಅಡ್ಡಡ್ಡ, ಅದನ್ನು ದಾಟಿ ದಕ್ಷಿಣಕ್ಕೆ ಹೋದರೆ ಉತ್ತರದ ತುದಿ ಆಕಾಶದ ಕಡೆಗೆ. ಬಾಗಿದ ಕೋನ ಗೊತ್ತಾದರೆ ಅಕ್ಷಾಂಶ ಗೊತ್ತಾಗುತ್ತದೆ: ಬಾಗಿದ ಕೋನದ ಟ್ಯಾಂಜೆಂಟ್ ಅಂದರೆ ಅಕ್ಷಾಂಶದ ಟ್ಯಾಂಜೆಂಟ್‌ನ ಎರಡರಷ್ಟು. ಕಾಂತಕ್ಷೇತ್ರದ ಸಾವಿರಾರು ವರ್ಷಗಳ ಸರಾಸರಿಗೆ ಒಪ್ಪುವ ಲೆಕ್ಕ ಇದು.

ಬಸಾಲ್ಟಿನೊಳಗೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಜಾತಿಯ ಸಣ್ಣ ಹರಳುಗಳಿವೆ. ಶುದ್ಧ ಮ್ಯಾಗ್ನಟೈಟ್ 580 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾಂತತ್ವ ಕಳೆದುಕೊಳ್ಳುತ್ತದೆ. ಲಾವಾ ಆರುತ್ತಾ ಬಂದಾಗ ಆ ಹೊತ್ತಿನ ಭೂಕಾಂತಕ್ಷೇತ್ರದ ದಿಕ್ಕು ಹರಳುಗಳಲ್ಲಿ ಹಾಗೇ ಕೂತುಬಿಡುತ್ತದೆ. ನಮ್ಮೂರು ಈಗ ಸುಮಾರು 17 ಡಿಗ್ರಿ ಉತ್ತರದಲ್ಲಿದೆ. ಕಲ್ಲು ಇಲ್ಲೇ ಆರಿದ್ದರೆ ಆ ದಿಕ್ಕು 31 ಡಿಗ್ರಿಯಷ್ಟು ಕೆಳಕ್ಕೆ ಬಾಗಿರಬೇಕಿತ್ತು. ಡೆಕ್ಕನ್ ಕಲ್ಲಿನಲ್ಲಿ ಉತ್ತರದ ತುದಿ ಮೇಲಕ್ಕೆ ಎದ್ದಿದೆ, ಸುಮಾರು 50 ಡಿಗ್ರಿ. ಅಂದರೆ 30 ಡಿಗ್ರಿ ದಕ್ಷಿಣದ ಆಸುಪಾಸು. ಭೂಮಿಯ ಕಾಂತಧ್ರುವಗಳೇ ಅದಲುಬದಲಾಗಿದ್ದ ಕಾಲದ ಪದರಗಳೂ ಇವೆ, ಅವುಗಳಲ್ಲಿ ದಿಕ್ಕು ಪೂರ್ತಿ ಉಲ್ಟಾ, ಆದರೆ ಲೆಕ್ಕ ಹಾಕಿದರೆ ಸಿಗುವ ಅಕ್ಷಾಂಶ ಅದೇ. ಅಲ್ಲಿಂದ ಇಲ್ಲಿಗೆ 5,000 ಕಿಲೋಮೀಟರಿಗೂ ಹೆಚ್ಚು ದಾರಿ!

ಕಲ್ಲು ತೆಗೆಯುವುದು ತಾಳ್ಮೆಯ ಕೆಲಸ. ಬೆರಳುಗಾತ್ರದ ತುಂಡನ್ನು ಕೊರೆದು ತೆಗೆಯುವ ಮೊದಲು ಅದು ಯಾವ ದಿಕ್ಕಿಗಿತ್ತು ಎಂದು ಗುರುತು ಹಾಕಬೇಕು. ಬಸಾಲ್ಟಿನ ಪಕ್ಕ ದಿಕ್ಸೂಚಿಯನ್ನು ನಂಬುವಂತಿಲ್ಲ, ಕಲ್ಲೇ ಸೂಜಿಯನ್ನು ಎಳೆಯುತ್ತದೆ. ಹಾಗಾಗಿ ಬಿಸಿಲಿನ ನೆರಳು ನೋಡಿ ದಿಕ್ಕು ಹಿಡಿಯುತ್ತಾರೆ. ಗುಡ್ಡದ ನೆತ್ತಿಯ ಕಲ್ಲು ಬೇಡ, ಸಿಡಿಲು ಬಡಿದಿದ್ದರೆ ಹಳೆಯ ಗುರುತು ಅಳಿಸಿಹೋಗಿರುತ್ತದೆ.

1950ರ ದಶಕದಲ್ಲಿ ಖಂಡಗಳು ಸರಿಯುತ್ತವೆ ಎಂದರೆ ಹೆಚ್ಚಿನ ಭೂವಿಜ್ಞಾನಿಗಳು ಒಪ್ಪುತ್ತಿರಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ಎಡ್ವರ್ಡ್ ಅರ್ವಿಂಗ್ ಎಂಬ ಯುವಕ ಭಾರತದಿಂದ ಡೆಕ್ಕನ್ ಕಲ್ಲುಗಳನ್ನು ತರಿಸಿಕೊಂಡು ಅಳೆದರು. ಭಾರತ ಉತ್ತರಕ್ಕೆ ಬಂದಿದೆ ಎಂದು ಕಲ್ಲು ಹೇಳಿತು. 1954ರಲ್ಲಿ ಅವರಿಗೆ ಪಿಎಚ್‌ಡಿ ಸಿಗಲಿಲ್ಲ. ಈ ಸಂಗತಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1956ರಲ್ಲಿ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ಮೂವರು ಡೆಕ್ಕನ್ ಅಳತೆಗಳನ್ನು ಪ್ರಕಟಿಸಿದರು, ಅವರಿಗೂ ಕಂಡದ್ದು ಅದೇ. ಅರ್ವಿಂಗ್ ಅವರಿಗೆ ಅದೇ ವಿಶ್ವವಿದ್ಯಾಲಯ 1965ರಲ್ಲಿ ಡಾಕ್ಟರ್ ಆಫ್ ಸೈನ್ಸ್ ಪದವಿ ಕೊಟ್ಟಿತು.

ಒಂದು ಮಾತು ಮುಚ್ಚಿಡಬಾರದು. ಈ ಕಲ್ಲು ಅಕ್ಷಾಂಶ ಹೇಳುತ್ತದೆ, ನಾಡು ಎಷ್ಟು ತಿರುಗಿತು ಎಂದೂ ಹೇಳುತ್ತದೆ, ರೇಖಾಂಶ ಮಾತ್ರ ಹೇಳುವುದಿಲ್ಲ. ಪೂರ್ವ ಪಶ್ಚಿಮದ ಲೆಕ್ಕಕ್ಕೆ ಹಿಂದೂ ಮಹಾಸಾಗರದ ತಳದ ಕಲ್ಲಿನಲ್ಲಿ ಕಾಂತದ ದಿಕ್ಕು ಅದಲುಬದಲಾಗುತ್ತ ಸಾಲಾಗಿ ಕೂತ ಕಾಂತಪಟ್ಟೆಗಳ ಹತ್ತಿರ ಹೋಗಬೇಕಾಯಿತು.